ನಿಮ್ಮ ನಿಮಿಷಗಳು ಯಾರ ಲೆಕ್ಕದಲ್ಲಿವೆ?

ಓದುಗರ ಪ್ರಶ್ನೆ, ತಂತ್ರಜ್ಞರ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಯಂತ್ರ ಕೆಟ್ಟುಹೋಗಿದೆ ಎನ್ನುವ ದೂರುಗಳು ಕಡಿಮೆ. ಯಂತ್ರ ಚೆನ್ನಾಗಿಯೇ ಕೆಲಸ ಮಾಡುತ್ತಿದ್ದರೂ ಅದರ ಜೊತೆ ಏಗುವುದೇ ಒಂದು ಕೆಲಸವಾಗಿಬಿಟ್ಟಿದೆ ಎನ್ನುವವರೇ ಹೆಚ್ಚು. ನಾನು ತಂತ್ರಾಂಶ ಬರೆದು ಹೊಟ್ಟೆ ಹೊರೆಯುವವನಾದ್ದರಿಂದ ಕೆಲವು ಉತ್ತರಗಳಲ್ಲಿ ನಮ್ಮ ಕಸುಬಿನ ಒಳಗಿನ ಮಾತುಗಳೂ ಸೇರಿಕೊಂಡಿವೆ.

ಪ್ರಶ್ನೆ: ಗ್ರಾಹಕ ಸೇವೆಯ ಸಂಖ್ಯೆಗೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ “ಈಗ ಎಂದಿಗಿಂತ ಹೆಚ್ಚು ಕರೆಗಳು ಬರುತ್ತಿವೆ, ದಯವಿಟ್ಟು ಕಾಯಿರಿ” ಎಂಬ ಧ್ವನಿಯೇ ಕೇಳುತ್ತದೆ. ಬೆಳಿಗ್ಗೆಯೂ ಅದೇ, ರಾತ್ರಿಯೂ ಅದೇ. ಸದಾಕಾಲವೂ ಎಂದಿಗಿಂತ ಹೆಚ್ಚಾಗಿರಲು ಹೇಗೆ ಸಾಧ್ಯ? ಇನ್ನಷ್ಟು ಜನರನ್ನು ನೇಮಿಸಿಕೊಳ್ಳಲು ಕಂಪನಿಗಳಿಗೆ ಇರುವ ಅಡ್ಡಿಯಾದರೂ ಏನು?

ಉತ್ತರ: ಸದಾಕಾಲ ಎಂದಿಗಿಂತ ಹೆಚ್ಚಾಗಿರಲು ಸಾಧ್ಯವಿಲ್ಲ ಎನ್ನುವ ನಿಮ್ಮ ತರ್ಕ ಸರಿಯಾಗಿಯೇ ಇದೆ. ಅದು ಮೊದಲೇ ಧ್ವನಿಮುದ್ರಿಸಿಟ್ಟ ವಾಕ್ಯ. ಕಾಯುವ ಸಾಲು ಒಂದು ಮಿತಿಯನ್ನು ದಾಟಿದೊಡನೆ ತಾನಾಗಿ ಕೇಳಿಸುತ್ತದೆ. ಆ ಮಿತಿ ಎಷ್ಟಿರಬೇಕೆಂದು ನಿರ್ಧರಿಸುವುದು ಕಂಪನಿಯೇ.

ಸಾಲು ಏಕೆ ಕರಗುವುದಿಲ್ಲ ಎಂಬುದಕ್ಕೆ ನೂರು ವರ್ಷಕ್ಕೂ ಹಳೆಯದಾದ ಉತ್ತರವಿದೆ. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಡೆನ್ಮಾರ್ಕಿನ ಗಣಿತಜ್ಞ ಅಗ್ನರ್ ಕ್ರಾರುಪ್ ಎರ್ಲಾಂಗ್, ಕರೆಗಳು ಗೊತ್ತುಗುರಿಯಿಲ್ಲದೆ ಬರುವುದಾದರೂ ಅವುಗಳ ಒಟ್ಟು ವರ್ತನೆಗೆ ನಿಯಮವಿದೆಯೆಂದು 1909ರಲ್ಲಿ ತೋರಿಸಿದರು. ಎಷ್ಟು ಕರೆಗಳಿಗೆ ಎಷ್ಟು ತಂತಿ, ಎಷ್ಟು ಜನ ಬೇಕೆಂದು ಲೆಕ್ಕ ಹಾಕುವ ಸೂತ್ರಗಳನ್ನು 1917ರಲ್ಲಿ ಪ್ರಕಟಿಸಿದರು. ಇಂದಿನ ಕರೆಕೇಂದ್ರಗಳ ತಂತ್ರಾಂಶದಲ್ಲಿ ಆ ಸೂತ್ರಗಳು ಈಗಲೂ ಬಳಕೆಯಲ್ಲಿವೆ. ಅವುಗಳ ಸಾರವನ್ನು ಅತಿ ಸರಳವಾದ ಒಂದು ಉದಾಹರಣೆಯಿಂದ ಹೇಳಬಹುದು. ಕರೆ ಸ್ವೀಕರಿಸುವವರು ಒಬ್ಬರೇ ಇದ್ದಾರೆ, ಕರೆಗಳು ಬರುವುದೂ ಮುಗಿಯುವುದೂ ಕ್ರಮವಿಲ್ಲದೆ ನಡೆಯುತ್ತದೆ, ಒಂದು ಕರೆ ಸರಾಸರಿ 5 ನಿಮಿಷ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಆ ವ್ಯಕ್ತಿ ತನ್ನ ಸಮಯದ ಶೇ 50ರಷ್ಟು ಮಾತ್ರ ಮಾತಿನಲ್ಲಿ ತೊಡಗಿದ್ದರೆ, ಕರೆ ಮಾಡಿದವರು ಸರಾಸರಿ 5 ನಿಮಿಷ ಕಾಯಬೇಕಾಗುತ್ತದೆ. ಶೇ 80ಕ್ಕೆ ಏರಿದರೆ ಕಾಯುವ ಅವಧಿ 20 ನಿಮಿಷ. ಶೇ 90ಕ್ಕೆ 45 ನಿಮಿಷ. ಶೇ 95ಕ್ಕೆ 95 ನಿಮಿಷ. ಸಿಬ್ಬಂದಿ ಹೆಚ್ಚಿದಂತೆ ಈ ಅಂಕಿಗಳು ಇಳಿಯುತ್ತವೆಯಾದರೂ ಏರಿಕೆಯ ರೀತಿ ಬದಲಾಗುವುದಿಲ್ಲ: ಕೊನೆಯ ಕೆಲವು ಶೇಕಡಾ ದುಡಿಮೆಯನ್ನು ಹಿಂಡಿ ತೆಗೆಯಹೊರಟಾಗ ಸಾಲು ಹನುಮಂತನ ಬಾಲವಾಗುತ್ತದೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಬೇಗ ಉತ್ತರ ಸಿಗಬೇಕಾದರೆ ಕೆಲವು ಸಿಬ್ಬಂದಿ ಆಗಾಗ ಕೈಕಟ್ಟಿ ಕುಳಿತಿರಬೇಕು ಎಂಬುದು ಈ ಗಣಿತದ ಒತ್ತಾಯ. ಹಾಗೆ ಕುಳಿತವರ ಸಂಬಳ ಕಂಪನಿಯ ಖರ್ಚಿನ ಪಟ್ಟಿಯಲ್ಲಿ ಒಂದು ಸಾಲಾಗಿ ಕಾಣಿಸುತ್ತದೆ. ಫೋನನ್ನು ಕಿವಿಗೊತ್ತಿಕೊಂಡು ನೀವು ಕಳೆದ ಮುಕ್ಕಾಲು ಗಂಟೆ ಯಾವ ಪಟ್ಟಿಯಲ್ಲೂ ಕಾಣಿಸುವುದಿಲ್ಲ. ಕಾಣಿಸುವ ಖರ್ಚನ್ನು ಕಡಿಮೆ ಮಾಡಿದವರಿಗೆ ಬಡ್ತಿ ಸಿಗುತ್ತದೆ, ಕಾಣಿಸದ ಖರ್ಚು ನಿಮ್ಮ ಪಾಲಿಗೆ ಬರುತ್ತದೆ. ಇದರಲ್ಲಿ ಯಾರ ದುಷ್ಟತನವೂ ಇರಬೇಕಾಗಿಲ್ಲ ಎಂಬುದೇ ನನಗೆ ಹೆಚ್ಚು ಬೇಸರ ತರಿಸುವ ಸಂಗತಿ.

ಇದಕ್ಕೆ ಹೊಂದಿಕೊಂಡು ಇನ್ನೊಂದು ಅಳತೆಯಿದೆ. ಅನೇಕ ಕರೆಕೇಂದ್ರಗಳಲ್ಲಿ ಸಿಬ್ಬಂದಿಯ ಸಾಮರ್ಥ್ಯವನ್ನು ಒಂದು ಕರೆಗೆ ಅವರು ತೆಗೆದುಕೊಳ್ಳುವ ಸರಾಸರಿ ಸಮಯದಿಂದ ಅಳೆಯುತ್ತಾರೆ. ನಿಮ್ಮ ಸಮಸ್ಯೆ ತುಸು ತೊಡಕಿನದಾದರೆ ಅದನ್ನು ಬಿಡಿಸುವುದಕ್ಕಿಂತ ಇನ್ನೊಂದು ವಿಭಾಗಕ್ಕೆ ದಾಟಿಸುವುದು ಅವರಿಗೆ ಲಾಭದಾಯಕ. ನೀವು ಹೊಸ ಸಾಲಿನ ತುದಿಯಲ್ಲಿ ಮತ್ತೆ ಮೊದಲಿನಿಂದ ಕಥೆ ಹೇಳುತ್ತೀರಿ. ಆದ್ದರಿಂದ ಕರೆ ದಾಟಿಸುವ ಮುನ್ನವೇ ದೂರಿನ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಿ, ಮಾತನಾಡಿದ ದಿನಾಂಕ ಮತ್ತು ವೇಳೆಯನ್ನು ಪಕ್ಕದಲ್ಲಿ ನಮೂದಿಸಿ, ಸಾಧ್ಯವಿದ್ದಲ್ಲೆಲ್ಲ ಬರಹದ ಮಾರ್ಗವನ್ನೇ ಹಿಡಿಯಿರಿ. ಮಾತು ಕರಗಿಹೋಗುತ್ತದೆ, ಬರಹವನ್ನು ಯಾರಿಗಾದರೂ ತೋರಿಸಬಹುದು.

ಮನುಷ್ಯರ ಬದಲು ಉತ್ತರಿಸುವ ಚಾಟ್‌ಬಾಟ್‌ಗಳ ಬಗ್ಗೆ ನೀವು ಕೇಳಿಲ್ಲವಾದರೂ ಒಂದು ಮಾತು ಸೇರಿಸುತ್ತೇನೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ವಿಮಾನ ಸಂಸ್ಥೆಯೊಂದರ ಚಾಟ್‌ಬಾಟ್ ಪ್ರಯಾಣಿಕರೊಬ್ಬರಿಗೆ ರಿಯಾಯಿತಿಯ ಬಗ್ಗೆ ತಪ್ಪು ಮಾಹಿತಿ ಕೊಟ್ಟಿತ್ತು. ಚಾಟ್‌ಬಾಟ್ ಹೇಳಿದ್ದಕ್ಕೆ ತಾನು ಹೊಣೆಯಲ್ಲ ಎಂಬ ಸಂಸ್ಥೆಯ ವಾದವನ್ನು ಅಲ್ಲಿನ ನ್ಯಾಯಮಂಡಳಿ 2024ರ ಫೆಬ್ರವರಿಯಲ್ಲಿ ತಳ್ಳಿಹಾಕಿ ಪರಿಹಾರ ಕೊಡಿಸಿತು. ಚಾಟ್‌ಬಾಟ್ ಜೊತೆಗಿನ ಸಂಭಾಷಣೆಯ ಚಿತ್ರವನ್ನು ಉಳಿಸಿಟ್ಟುಕೊಳ್ಳುವ ಅಭ್ಯಾಸ ವ್ಯರ್ಥವಲ್ಲ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಫೋನಿನಿಂದ ಹಣ ಕಳುಹಿಸುವಾಗ “ಪ್ರಕ್ರಿಯೆಯಲ್ಲಿದೆ” ಎಂದು ಬಂದು ಚಕ್ರ ತಿರುಗುತ್ತಲೇ ಇತ್ತು. ಹೋಗಿಲ್ಲವೆಂದುಕೊಂಡು ಮತ್ತೊಮ್ಮೆ ಒತ್ತಿದೆ. ಹಣ ಎರಡು ಬಾರಿ ಹೋಯಿತು. “ಎರಡು ಸಲ ಒತ್ತಬಾರದಿತ್ತು ಅಪ್ಪಾ, ನಿಮ್ಮದೇ ತಪ್ಪು” ಎಂದ ಮಗ. ನನ್ನಂಥವರು ಇವುಗಳ ತಂಟೆಗೆ ಹೋಗದಿರುವುದೇ ಲೇಸೇ?

ಉತ್ತರ: ಗುರುಗಳೇ, ತಪ್ಪು ನಿಮ್ಮದಲ್ಲ. ಮಗನಿಗೂ ಇದನ್ನು ಓದಲು ಕೊಡಿ.

ಲಿಫ್ಟಿನ ಗುಂಡಿಯನ್ನು ಹತ್ತು ಸಲ ಒತ್ತಿದರೂ ಹತ್ತು ಲಿಫ್ಟ್ ಬರುವುದಿಲ್ಲ. ಹಣ ಕಳುಹಿಸುವ ಗುಂಡಿಯನ್ನೂ ಹಾಗೆಯೇ ಕಟ್ಟಬಹುದು, ಕಟ್ಟಲೇಬೇಕು. ನೀವು ಪಾವತಿಯ ಪುಟವನ್ನು ತೆರೆದಾಗಲೇ ಆ ಕೋರಿಕೆಗೆ ಒಂದು ವಿಶಿಷ್ಟ ಸಂಖ್ಯೆಯನ್ನು ಅಂಟಿಸಿ, ಅದೇ ಸಂಖ್ಯೆಯ ಕೋರಿಕೆ ಎರಡನೆಯ ಬಾರಿ ಬಂದರೆ ಹಣ ಕಡಿತ ಮಾಡದೆ ಮೊದಲಿನ ಉತ್ತರವನ್ನೇ ಹಿಂದಿರುಗಿಸುವ ವಿಧಾನ ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದು. ಅದನ್ನು ಅಳವಡಿಸದೆ ಬಿಟ್ಟವರ ಉದಾಸೀನವನ್ನು ನಿಮ್ಮ ಬೆರಳಿನ ತಲೆಗೆ ಕಟ್ಟಲಾಗಿದೆ.

ಹಾಗಾದರೆ ಆ ಚಕ್ರ ಏನು ಹೇಳುತ್ತಿತ್ತು? “ನಾನು ಕೋರಿಕೆಯನ್ನು ಕಳುಹಿಸಿದ್ದೇನೆ, ಉತ್ತರ ಬಂದಿಲ್ಲ” ಎಂದಷ್ಟೇ. ಉತ್ತರ ಬಾರದಿರಲು ಎರಡು ಕಾರಣಗಳಿರಬಹುದು: ಕೋರಿಕೆಯೇ ತಲುಪದಿರಬಹುದು, ಅಥವಾ ಕೋರಿಕೆ ತಲುಪಿ ಕೆಲಸ ಮುಗಿದು ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿರಬಹುದು. ಈ ಎರಡನ್ನೂ ನಿಮ್ಮ ಫೋನು ತನ್ನಷ್ಟಕ್ಕೆ ಪ್ರತ್ಯೇಕಿಸಲಾರದು. ಕಂಪ್ಯೂಟರ್ ಶಾಸ್ತ್ರದಲ್ಲಿ ಇದನ್ನು ಇಬ್ಬರು ಸೇನಾಪತಿಗಳ ಸಮಸ್ಯೆ ಎಂದು ಕರೆಯುತ್ತಾರೆ. ಬೇರೆ ಬೇರೆ ಕಡೆ ಬೀಡುಬಿಟ್ಟ ಇಬ್ಬರು ಸೇನಾಪತಿಗಳು ದೂತರ ಮೂಲಕವೇ ಮಾತಾಡಿಕೊಂಡು ಒಟ್ಟಿಗೆ ದಾಳಿ ಮಾಡಬೇಕಾಗಿದೆ ಎಂದಿಟ್ಟುಕೊಳ್ಳಿ. ದೂತರು ದಾರಿಯಲ್ಲಿ ಸೆರೆಯಾಗುವ ಸಾಧ್ಯತೆ ಇರುವವರೆಗೆ, ಎಷ್ಟೇ ಬಾರಿ ಓಲೆ ಕಳುಹಿಸಿದರೂ, ದಾಳಿಯ ಹೊತ್ತಿನ ಬಗ್ಗೆ ತಮ್ಮಿಬ್ಬರಿಗೂ ಒಪ್ಪಿಗೆಯಾಗಿದೆ ಎಂಬ ಪೂರ್ಣ ಖಚಿತತೆ ಇಬ್ಬರಿಗೂ ಬರಲಾರದು ಎಂದು 1970ರ ದಶಕದಲ್ಲೇ ಸಾಧಿಸಿ ತೋರಿಸಲಾಗಿದೆ. ಖಚಿತತೆ ಅಸಾಧ್ಯವೆಂದು ಗೊತ್ತಿದ್ದೇ ನಾವು ಕೋರಿಕೆಗೆ ಸಂಖ್ಯೆ ಅಂಟಿಸುವ ಉಪಾಯವನ್ನು ಕಂಡುಕೊಂಡಿದ್ದು.

ಕಳುಹಿಸಿದ ಆಜ್ಞೆಯನ್ನೇ ನಡೆದ ಘಟನೆಯೆಂದು ತೋರಿಸುವ ಸೂಚಕಗಳು ಎಷ್ಟು ಅಪಾಯಕಾರಿ ಎಂಬುದಕ್ಕೆ ಇದಕ್ಕಿಂತ ಬಹಳ ದೊಡ್ಡ ನಿದರ್ಶನವಿದೆ. ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣು ವಿದ್ಯುತ್ ಸ್ಥಾವರದಲ್ಲಿ 1979ರ ಮಾರ್ಚ್ 28ರಂದು ಒತ್ತಡ ಇಳಿಸುವ ಕವಾಟವೊಂದು ತೆರೆದ ಸ್ಥಿತಿಯಲ್ಲೇ ಸಿಲುಕಿಕೊಂಡಿತು. ನಿಯಂತ್ರಣ ಕೊಠಡಿಯ ಫಲಕದಲ್ಲಿದ್ದ ದೀಪ ಮಾತ್ರ ಆರಿತ್ತು. ಆ ದೀಪ ತೋರಿಸುತ್ತಿದ್ದುದು ಕವಾಟ ಮುಚ್ಚಿದೆಯೇ ಎಂಬುದನ್ನಲ್ಲ, ಮುಚ್ಚುವಂತೆ ಸಂಕೇತ ಹೋಗಿದೆಯೇ ಎಂಬುದನ್ನು. ಕವಾಟ ಮುಚ್ಚಿದೆಯೆಂದೇ ನಂಬಿದ ನಿರ್ವಾಹಕರು ತಪ್ಪು ದಿಕ್ಕಿನಲ್ಲಿ ಕ್ರಮ ಕೈಗೊಂಡರು. ತಂಪುಗೊಳಿಸುವ ನೀರು ಗಂಟೆಗಟ್ಟಲೆ ಸೋರಿಹೋಗಿ ಸ್ಥಾವರದ ಒಡಲು ಭಾಗಶಃ ಕರಗಿತು. ಅಲ್ಲಿಯೂ ಮೊದಮೊದಲು ಕೇಳಿಬಂದದ್ದು ನಿರ್ವಾಹಕರ ತಪ್ಪೆಂಬ ಮಾತೇ. ನಿಯಂತ್ರಣ ಫಲಕದ ವಿನ್ಯಾಸದ ಕಡೆಗೆ ಗಂಭೀರ ಗಮನ ಹರಿದದ್ದು ತನಿಖೆಯ ನಂತರ.

ಮುಂದೆ ಚಕ್ರ ತಿರುಗುತ್ತಲೇ ಇದ್ದರೆ ಮತ್ತೆ ಒತ್ತುವ ಮುನ್ನ ಖಾತೆಯ ವಹಿವಾಟಿನ ಪಟ್ಟಿಯನ್ನು ತೆರೆದು ನೋಡಿ. ಅಲ್ಲಿ ಕಡಿತ ಕಾಣಿಸಿದರೆ ಹಣ ಪಡೆಯಬೇಕಾದವರನ್ನು ವಿಚಾರಿಸಿ. ಕಾಣಿಸದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೋಡಿ. ಎರಡು ಬಾರಿ ಹೋದ ಹಣಕ್ಕಾಗಿ ಎರಡೂ ವಹಿವಾಟಿನ ಸಂಖ್ಯೆಗಳೊಂದಿಗೆ ಬರಹದಲ್ಲಿ ದೂರು ಕೊಡಿ. ಫೋನನ್ನು ಬಿಡಬೇಡಿ.

ಪ್ರಶ್ನೆ: ಕಚೇರಿಯಲ್ಲಿ ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಾಯಿಸಬೇಕು. ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಎಲ್ಲವೂ ಇರಬೇಕು, ಹಳೆಯದನ್ನು ಹೋಲಬಾರದು. ಕಡೆಗೆ ಎಲ್ಲರೂ ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಅಂಟಿಸಿಕೊಂಡಿದ್ದೇವೆ. ಇದು ಭದ್ರತೆಯೇ?

ಉತ್ತರ: ಇದು ಭದ್ರತೆಯ ವೇಷ. ನೀವು ಹೇಳಿದ ಕಟ್ಟಲೆಗಳು ಹೆಚ್ಚು ಪ್ರಚಾರಕ್ಕೆ ಬಂದದ್ದು ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ 2000ರ ದಶಕದ ಆರಂಭದಲ್ಲಿ ಹೊರತಂದ ಮಾರ್ಗದರ್ಶಿಯಿಂದ. ಅದನ್ನು ಬರೆದ ಬಿಲ್ ಬರ್ ಅವರೇ, ನಿವೃತ್ತರಾದ ಮೇಲೆ, ತಾವು ಕೊಟ್ಟ ಸಲಹೆಗಳಲ್ಲಿ ಬಹುಪಾಲಿಗೆ ಈಗ ವಿಷಾದವಿದೆಯೆಂದು 2017ರಲ್ಲಿ ಪತ್ರಿಕೆಯೊಂದಕ್ಕೆ ತಿಳಿಸಿದರು. ಅದೇ ವರ್ಷ ಅದೇ ಸಂಸ್ಥೆ ಮಾರ್ಗದರ್ಶಿಯನ್ನು ಹೊಸದಾಗಿ ಬರೆದು, ಅವಧಿಗೊಮ್ಮೆ ಕಡ್ಡಾಯವಾಗಿ ಬದಲಾಯಿಸುವುದೂ ಬೇಡ, ಇಂತಿಂಥ ಬಗೆಯ ಅಕ್ಷರ ಇರಲೇಬೇಕೆನ್ನುವುದೂ ಬೇಡ, ಪಾಸ್‌ವರ್ಡ್ ಉದ್ದವಾಗಿರಲಿ, ಈಗಾಗಲೇ ಸೋರಿಕೆಯಾದವುಗಳ ಪಟ್ಟಿಯಲ್ಲಿ ಅದು ಇಲ್ಲದಿರಲಿ, ಸೋರಿಕೆಯ ಸುಳಿವು ಸಿಕ್ಕಾಗ ಬದಲಾಯಿಸಿದರೆ ಸಾಕು ಎಂದಿತು. ಕಾರಣ ಸರಳ: ಪದೇಪದೇ ಬದಲಾಯಿಸಲು ಹೇಳಿದರೆ ಜನ ಕೊನೆಯ ಅಂಕಿಯನ್ನು ಒಂದೊಂದಾಗಿ ಏರಿಸುತ್ತಾರೆ, ಅದನ್ನು ಊಹಿಸುವುದು ಕಳ್ಳರಿಗೆ ಸುಲಭ.

ಆದರೂ ನಿಮ್ಮ ಕಚೇರಿಯಲ್ಲಿ ಹಳೆಯ ನಿಯಮ ಏಕೆ ಉಳಿದಿದೆ? ಲೆಕ್ಕಪರಿಶೋಧನೆಯ ಪಟ್ಟಿಯೊಂದರಲ್ಲಿ ಅದಕ್ಕೊಂದು ಚೌಕವಿದೆ, ಅದರಲ್ಲಿ ಸರಿ ಗುರುತು ಬೀಳಬೇಕು. ನಿಯಮವನ್ನು ತೆಗೆದುಹಾಕಿದವರ ಮೇಲೆ ನಾಳೆ ಹೊಣೆ ಬೀಳಬಹುದು. ಉಳಿಸಿಕೊಂಡವರ ಮೇಲೆ ಎಂದೂ ಬೀಳುವುದಿಲ್ಲ. ಸಿಬ್ಬಂದಿ ಮರೆತು, ಒದ್ದಾಡಿ, ಮತ್ತೆ ತೆರೆಸಿಕೊಳ್ಳುವ ಹೊತ್ತು, ಮೊದಲ ಉತ್ತರದಲ್ಲಿ ಹೇಳಿದ ಆ ಮುಕ್ಕಾಲು ಗಂಟೆಯಂತೆಯೇ, ಯಾರ ಪಟ್ಟಿಯಲ್ಲೂ ಇಲ್ಲ. ನಿಯಮ ಬದಲಾಗುವವರೆಗೆ ಪಾಸ್‌ವರ್ಡ್‌ಗಳನ್ನು ನಿಮ್ಮ ಪರವಾಗಿ ನೆನಪಿಟ್ಟುಕೊಳ್ಳುವ ನಿರ್ವಾಹಕ ತಂತ್ರಾಂಶವೊಂದನ್ನು ಬಳಸಲು ಅನುಮತಿ ಕೇಳಿ. ಮೇಜಿನ ಮೇಲಿನ ಚೀಟಿಯನ್ನು ಇಂದೇ ಕಿತ್ತುಹಾಕಿ, ಪರ್ಸಿನೊಳಗೆ ಇಟ್ಟುಕೊಂಡರೂ ಅದಕ್ಕಿಂತ ವಾಸಿ.

ಪ್ರಶ್ನೆ: 1 ಟೆರಾಬೈಟ್ ಎಂದು ಬರೆದಿದ್ದ ಹಾರ್ಡ್ ಡಿಸ್ಕ್ ಕೊಂಡೆ. ಕಂಪ್ಯೂಟರಿಗೆ ಜೋಡಿಸಿದರೆ 931 ಜಿಬಿ ಎಂದು ತೋರಿಸುತ್ತಿದೆ. ಉಳಿದದ್ದು ಎಲ್ಲಿ ಹೋಯಿತು? ಮೋಸವೇ?

ಉತ್ತರ: ಒಂದು ಬೈಟೂ ಕಳೆದಿಲ್ಲ. ತಯಾರಕರು 1,000 ಜಿಬಿಯನ್ನು 1 ಟೆರಾಬೈಟ್ ಎನ್ನುತ್ತಾರೆ, ಒಂದು ಜಿಬಿಗೆ 100 ಕೋಟಿ ಬೈಟ್ ಎಂದು ಲೆಕ್ಕ ಹಿಡಿಯುತ್ತಾರೆ. ನಿಮ್ಮ ಕಂಪ್ಯೂಟರಿನ ಕಾರ್ಯಾಚರಣಾ ವ್ಯವಸ್ಥೆ 1,024ನ್ನು ಮೂರು ಬಾರಿ ಗುಣಿಸಿ 107,37,41,824 ಬೈಟ್‌ಗೆ ಒಂದು ಜಿಬಿ ಎನ್ನುತ್ತದೆ. ಒಂದು ಲಕ್ಷ ಕೋಟಿ ಬೈಟ್‌ಗಳನ್ನು ಇದರಿಂದ ಭಾಗಿಸಿದರೆ 931 ಬರುತ್ತದೆ. ಈ ಗೊಂದಲ ತಪ್ಪಿಸಲೆಂದೇ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ 1998ರಲ್ಲಿ ಎರಡನೆಯ ಅಳತೆಗೆ ಗಿಬಿಬೈಟ್ ಮುಂತಾದ ಬೇರೆ ಹೆಸರುಗಳನ್ನು ಕೊಟ್ಟಿತು. ಅವು ಇನ್ನೂ ರೂಢಿಗೆ ಬಂದಿಲ್ಲ. ಅಂತರ್ಜಾಲದ ವೇಗದಲ್ಲೂ ಇಂಥದೇ ಎಡವಟ್ಟಿದೆ: 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 100 ಮೆಗಾಬಿಟ್, 8 ಬಿಟ್‌ಗೆ ಒಂದು ಬೈಟ್ ಆದ್ದರಿಂದ ಕಡತ ಇಳಿಯುವುದು ಹೆಚ್ಚೆಂದರೆ ಸೆಕೆಂಡಿಗೆ 12.5 ಮೆಗಾಬೈಟ್.

ಪ್ರಶ್ನೆ: ಮೂರು ವರ್ಷ ಹಳೆಯ ಫೋನು. ಪ್ರತಿ ಅಪ್‌ಡೇಟ್ ಆದ ಮೇಲೂ ಇನ್ನಷ್ಟು ನಿಧಾನವಾಗುತ್ತಿದೆ, ಬ್ಯಾಟರಿ ಶೇ 30 ಇರುವಾಗಲೇ ಕೆಲವೊಮ್ಮೆ ಆಫ್ ಆಗುತ್ತದೆ. ಹೊಸದನ್ನು ಕೊಳ್ಳಲಿ ಎಂದೇ ಕಂಪನಿಗಳು ಹೀಗೆ ಮಾಡುತ್ತವೆ ಎಂದು ಗೆಳೆಯರು ಹೇಳುತ್ತಾರೆ. ತಂತ್ರಜ್ಞರಾದ ತಾವು ಇದನ್ನು ಒಪ್ಪುತ್ತೀರಾ?

ಉತ್ತರ: ಅರ್ಧ ಒಪ್ಪುತ್ತೇನೆ. ಆ ಅರ್ಧ ಯಾವುದು ಎಂಬುದನ್ನು ಬಿಡಿಸಿ ಹೇಳಬೇಕಾಗುತ್ತದೆ.

ಮೊದಲು ಬ್ಯಾಟರಿ. 1991ರಲ್ಲಿ ಮಾರುಕಟ್ಟೆಗೆ ಬಂದ, 2019ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಗೆ ವಿಷಯವಾದ ಲಿಥಿಯಂ-ಅಯಾನ್ ಕೋಶ ಹುಟ್ಟಿದ ದಿನದಿಂದಲೇ ಸವೆಯತೊಡಗುತ್ತದೆ. ಅದರೊಳಗಿನ ವಿದ್ಯುದಗ್ರದ ಮೇಲೆ ತೆಳ್ಳನೆಯ ಪದರವೊಂದು ಬೆಳೆಯುತ್ತಾ ಹೋಗಿ, ಕೆಲಸಕ್ಕೆ ಒದಗುವ ಲಿಥಿಯಂ ಕಡಿಮೆಯಾಗುತ್ತದೆ, ಆಂತರಿಕ ರೋಧ ಹೆಚ್ಚುತ್ತದೆ. ಫೋನಿನ ಸಂಸ್ಕಾರಕಕ್ಕೆ (ಪ್ರೊಸೆಸರ್) ಒಮ್ಮೆಲೇ ಹೆಚ್ಚು ವಿದ್ಯುತ್ ಬೇಕಾದಾಗ, ಕ್ಯಾಮೆರಾ ತೆರೆದ ಕ್ಷಣದಂತೆ, ಈ ರೋಧದಿಂದಾಗಿ ವೋಲ್ಟೇಜ್ ದಿಢೀರನೆ ಕುಸಿಯುತ್ತದೆ. ಒಳಗೆ ಇನ್ನೂ ಶೇ 30ರಷ್ಟು ಶಕ್ತಿ ಇದ್ದರೂ ಫೋನು ತಾನಾಗಿ ಆಫ್ ಆಗಿಬಿಡುತ್ತದೆ. ಇದು ರಸಾಯನಶಾಸ್ತ್ರ, ಇದರಲ್ಲಿ ಸಂಚಿಲ್ಲ. ಬಿಸಿ ಮತ್ತು ಸದಾ ಪೂರ್ತಿ ತುಂಬಿಸಿಡುವ ಅಭ್ಯಾಸ ಎರಡೂ ಈ ಸವೆತವನ್ನು ಹೆಚ್ಚಿಸುತ್ತವೆ.

ಈ ರೀತಿ ಆರಿಹೋಗುವುದನ್ನು ತಪ್ಪಿಸಲು ತಂತ್ರಾಂಶದಿಂದ ಸಂಸ್ಕಾರಕದ ವೇಗವನ್ನು ತಗ್ಗಿಸುವುದು ಎಂಜಿನಿಯರ್ ದೃಷ್ಟಿಯಿಂದ ಒಪ್ಪತಕ್ಕ ಪರಿಹಾರವೇ. ಸವೆದ ಬ್ಯಾಟರಿಯಿದ್ದ ಹಳೆಯ ಐಫೋನ್‌ಗಳಲ್ಲಿ ತಾನು ಹೀಗೆ ಮಾಡಿದ್ದೇನೆಂದು ಆಪಲ್ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಆದರೆ ಮೊದಲೇ ಬಳಕೆದಾರರಿಗೆ ಅದನ್ನು ಸ್ಪಷ್ಟವಾಗಿ ಹೇಳಿರಲಿಲ್ಲ. ಬ್ಯಾಟರಿಯೊಂದನ್ನು ಬದಲಾಯಿಸಿದರೆ ಫೋನು ಮತ್ತೆ ಚುರುಕಾಗುತ್ತದೆಂದು ತಿಳಿಯದ ಎಷ್ಟೋ ಜನ ಹೊಸ ಫೋನನ್ನೇ ಕೊಂಡಿರಬೇಕು. ಮಾಹಿತಿ ಮುಚ್ಚಿಟ್ಟ ಕಾರಣಕ್ಕೆ ಫ್ರಾನ್ಸಿನ ಗ್ರಾಹಕ ರಕ್ಷಣಾ ಪ್ರಾಧಿಕಾರ 2020ರಲ್ಲಿ ಕಂಪನಿಗೆ 2.5 ಕೋಟಿ ಯೂರೊ ದಂಡ ವಿಧಿಸಿತು. ನಿಮ್ಮ ಗೆಳೆಯರ ಮಾತನ್ನು ನಾನು ಒಪ್ಪುವ ಅರ್ಧ ಇದೇ: ಸವೆತ ಸಹಜ, ಮೌನ ಸಹಜವಲ್ಲ.

ಉದ್ದೇಶಪೂರ್ವಕವಾಗಿ ಆಯುಷ್ಯ ಕಡಿತ ಮಾಡಿದ್ದಕ್ಕೆ ದಾಖಲೆಯಿರುವ ಪ್ರಕರಣವೂ ಚರಿತ್ರೆಯಲ್ಲಿದೆ. 1924ರ ಡಿಸೆಂಬರಿನಲ್ಲಿ ಓಸ್ರಾಮ್, ಫಿಲಿಪ್ಸ್ ಮೊದಲಾದ ಬಲ್ಬ್ ತಯಾರಕರು ಜಿನೀವಾದಲ್ಲಿ ಸೇರಿ ಫೀಬಸ್ ಎಂಬ ಕೂಟ ಕಟ್ಟಿಕೊಂಡರು. ಬಲ್ಬು 1,000 ಗಂಟೆಗಿಂತ ಹೆಚ್ಚು ಕಾಲ ಉರಿಯದಂತೆ ನೋಡಿಕೊಳ್ಳುವುದು ಅವರ ಒಪ್ಪಂದದ ಭಾಗವಾಗಿತ್ತು. ಮೀರಿದ ಕಾರ್ಖಾನೆಗಳಿಗೆ ದಂಡವಿತ್ತು. ಅಲ್ಲಿಯೂ ವಿಷಯ ಕಪ್ಪು ಬಿಳುಪಲ್ಲ. ಬಲ್ಬಿನ ತಂತಿಯನ್ನು ಹೆಚ್ಚು ಕಾಯಿಸಿದರೆ ಅದೇ ವಿದ್ಯುತ್ತಿಗೆ ಹೆಚ್ಚು ಬೆಳಕು ಸಿಗುತ್ತದೆ, ಆದರೆ ತಂತಿ ಬೇಗ ಸಾಯುತ್ತದೆ. ನಿಜವಾದ ತಾಂತ್ರಿಕ ಕಾರಣವೊಂದರ ಮರೆಯಲ್ಲಿ ವ್ಯಾಪಾರದ ಹಂಚಿಕೆ ಸುಖವಾಗಿ ಕುಳಿತುಕೊಳ್ಳುತ್ತದೆ ಎಂಬುದನ್ನು ಫೀಬಸ್ ತೋರಿಸಿದಷ್ಟು ಚೆನ್ನಾಗಿ ಬೇರೆ ಯಾವುದೂ ತೋರಿಸಿಲ್ಲ ಎಂದು ನನ್ನ ಭಾವನೆ.

ಇನ್ನು ನಿಧಾನಗತಿ. ಇದರ ದೊಡ್ಡ ಪಾಲು ನಮ್ಮಂಥವರ ಸೋಮಾರಿತನಕ್ಕೆ ಸೇರಬೇಕು. ಯಂತ್ರಾಂಶ ವೇಗವಾಗುವುದಕ್ಕಿಂತ ಬೇಗ ತಂತ್ರಾಂಶ ನಿಧಾನವಾಗುತ್ತಿದೆ ಎಂದು ಸ್ವಿಟ್ಜರ್ಲೆಂಡಿನ ಕಂಪ್ಯೂಟರ್ ವಿಜ್ಞಾನಿ ನಿಕ್ಲಾಸ್ ವಿರ್ತ್ 1995ರಲ್ಲೇ ಬರೆದಿದ್ದರು. ನಾವು ತಂತ್ರಾಂಶವನ್ನು ಹೊಚ್ಚ ಹೊಸ, ಶಕ್ತಿಶಾಲಿ ಸಾಧನಗಳ ಮೇಲೆ ಬರೆಯುತ್ತೇವೆ, ಅವುಗಳ ಮೇಲೆಯೇ ಪರೀಕ್ಷಿಸುತ್ತೇವೆ. ಮೂರು ವರ್ಷ ಹಳೆಯ ಫೋನಿನಲ್ಲಿ ಅದು ತೆವಳುವುದನ್ನು ಕಣ್ಣಾರೆ ನೋಡುವವರು ನಮ್ಮ ಕೊಠಡಿಯಲ್ಲಿ ಇರುವುದು ವಿರಳ.

ನೀವು ಮಾಡಬೇಕಾದದ್ದು ಇಷ್ಟು. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿಯ ಆರೋಗ್ಯ ತೋರಿಸುವ ಪುಟವಿದ್ದರೆ ನೋಡಿ. ಸಾಮರ್ಥ್ಯ ಶೇ 80ಕ್ಕಿಂತ ಕೆಳಗಿಳಿದಿದ್ದರೆ ಹೊಸ ಫೋನಿಗೆ ಮುನ್ನ ಹೊಸ ಬ್ಯಾಟರಿಯನ್ನು ಹಾಕಿಸಿ. ಸಂಗ್ರಹ ಬಹುತೇಕ ತುಂಬಿದ್ದರೆ ಸ್ವಲ್ಪ ಖಾಲಿ ಮಾಡಿ, ಏಕೆಂದರೆ ಫ್ಲ್ಯಾಶ್ ಸ್ಮೃತಿಗೆ ಬರೆಯಲು ಬಿಡುವಾದ ಜಾಗ ಬೇಕು, ಅದಿಲ್ಲದಾಗ ಪ್ರತಿ ಬರಹವೂ ತಡವಾಗುತ್ತದೆ. ಭದ್ರತಾ ಅಪ್‌ಡೇಟ್‌ಗಳನ್ನು ಮಾತ್ರ ಸಿಟ್ಟಿನಿಂದ ನಿಲ್ಲಿಸಬೇಡಿ.

ಪ್ರಶ್ನೆ: ಒಂದು ಸೇವೆಗೆ ಚಂದಾದಾರಳಾಗಲು ಒಂದು ಗುಂಡಿ ಸಾಕಾಯಿತು. ಬಿಡಲು ಹೊರಟರೆ ಪುಟದ ಮೇಲೆ ಪುಟ, “ನಿಜವಾಗಿಯೂ ನಮ್ಮನ್ನು ತೊರೆಯುವಿರಾ?” ಎಂಬ ಗೋಳು, ಕಡೆಗೆ ಫೋನ್ ಮಾಡಿ ಎಂಬ ಸೂಚನೆ. ಇದನ್ನು ಯಾರಾದರೂ ಕುಳಿತು ಯೋಚಿಸಿ ಮಾಡುತ್ತಾರೆಯೇ?

ಉತ್ತರ: ಹೌದು, ಕುಳಿತು ಯೋಚಿಸಿಯೇ ಮಾಡುತ್ತಾರೆ. ಬ್ರಿಟನ್ನಿನ ವಿನ್ಯಾಸ ತಜ್ಞ ಹ್ಯಾರಿ ಬ್ರಿಗ್ನಲ್ 2010ರಲ್ಲಿ ಇಂಥ ಬಲೆಗಳನ್ನು ಪಟ್ಟಿ ಮಾಡಿ ಅವುಗಳಿಗೆ ಡಾರ್ಕ್ ಪ್ಯಾಟರ್ನ್ ಎಂಬ ಹೆಸರಿಟ್ಟರು. ಇವು ಹುಟ್ಟುವ ಬಗೆ ಹೀಗೆ: ಬಳಕೆದಾರರಲ್ಲಿ ಅರ್ಧದಷ್ಟು ಜನರಿಗೆ ಒಂದು ಪುಟ, ಉಳಿದರ್ಧಕ್ಕೆ ಇನ್ನೊಂದು ಪುಟ ತೋರಿಸಿ, ಯಾವ ಪುಟದಲ್ಲಿ ಹೆಚ್ಚು ಜನ ಚಂದಾ ರದ್ದು ಮಾಡದೆ ಹಿಂದಿರುಗಿದರೆಂದು ಎಣಿಸುತ್ತಾರೆ. ಗೆದ್ದ ಪುಟ ಉಳಿಯುತ್ತದೆ. ಹಿಂದಿರುಗಿದವರು ಮನಸ್ಸು ಬದಲಾಯಿಸಿ ಹಿಂದಿರುಗಿದರೋ, ದಾರಿ ಕಾಣದೆ ಸುಸ್ತಾಗಿ ಕೈಬಿಟ್ಟರೋ ಎಂಬ ವ್ಯತ್ಯಾಸವನ್ನು ಆ ಎಣಿಕೆ ತೋರಿಸುವುದಿಲ್ಲ. ಪರದೆಯ ಮೇಲೆ ಎರಡೂ ಒಂದೇ ಅಂಕಿ, ಅದಕ್ಕೆ ನಿಷ್ಠಾವಂತ ಗ್ರಾಹಕರು ಎಂಬ ಶೀರ್ಷಿಕೆ.

ಇಲ್ಲಿ ಕಂಪನಿಗಳ ಸದ್ಗುಣವನ್ನು ನೆಚ್ಚುವುದಕ್ಕಿಂತ ಕಾನೂನನ್ನು ನೆಚ್ಚುವುದು ಲೇಸು. ಜರ್ಮನಿಯಲ್ಲಿ 2022ರ ಜುಲೈ 1ರಿಂದ, ಅಂತರ್ಜಾಲದಲ್ಲಿ ಚಂದಾ ಒಪ್ಪಂದ ಮಾಡಿಸುವ ತಾಣಗಳು ಅದನ್ನು ರದ್ದು ಮಾಡುವ ಗುಂಡಿಯನ್ನೂ ಕಣ್ಣಿಗೆ ಕಾಣುವಂತೆ ಇಡಬೇಕೆಂಬ ನಿಯಮ ಜಾರಿಯಲ್ಲಿದೆ. ಅಮೆರಿಕದ ವ್ಯಾಪಾರ ಆಯೋಗ 2024ರಲ್ಲಿ ಇದೇ ಆಶಯದ ನಿಯಮವನ್ನು ಅಂತಿಮಗೊಳಿಸಿತಾದರೂ, ನಿಯಮ ರಚನೆಯ ವಿಧಾನದಲ್ಲಿ ಲೋಪವಿದೆಯೆಂದು ಮೇಲ್ಮನವಿ ನ್ಯಾಯಾಲಯ 2025ರ ಜುಲೈನಲ್ಲಿ ಅದನ್ನು ರದ್ದುಗೊಳಿಸಿತು. ನಿಮ್ಮ ಮಟ್ಟಿಗೆ, ಉಚಿತ ಪ್ರಯೋಗಕ್ಕೆ ಸೇರಿದ ದಿನವೇ ರದ್ದು ಮಾಡುವ ದಾರಿಯನ್ನು ಹುಡುಕಿಟ್ಟುಕೊಳ್ಳಿ. ರದ್ದು ಮಾಡಿದ ಮೇಲೆ ದೃಢೀಕರಣದ ಸಂದೇಶವನ್ನು ಅಳಿಸಬೇಡಿ.

ಪ್ರಶ್ನೆ: ನೀವೂ ಈ ಉದ್ಯಮದವರೇ. ಇಷ್ಟೆಲ್ಲ ಗೊತ್ತಿದ್ದೂ ಒಳಗಿನಿಂದ ಏಕೆ ಸರಿಪಡಿಸುವುದಿಲ್ಲ? ನಮ್ಮ ದೂರುಗಳನ್ನು ಯಾರಾದರೂ ಓದುತ್ತಾರೆಯೇ?

ಉತ್ತರ: ನೇರವಾದ ಪ್ರಶ್ನೆ, ನೇರವಾಗಿಯೇ ಉತ್ತರಿಸುತ್ತೇನೆ. ನಮ್ಮ ಕೆಲಸದ ಪಟ್ಟಿ ನಮ್ಮ ಕೈಯಲ್ಲಿಲ್ಲ. ಹೊಸ ಸೌಲಭ್ಯ ಸೇರಿಸಿದರೆ ಅದನ್ನು ಸಭೆಯಲ್ಲಿ ತೋರಿಸಬಹುದು. ಇದ್ದ ಕಿರಿಕಿರಿಯನ್ನು ತೆಗೆದರೆ ತೋರಿಸಲು ಏನೂ ಇರುವುದಿಲ್ಲ. ಇದನ್ನು ನೆಪವಾಗಿ ಹೇಳುತ್ತಿಲ್ಲ. ಕಿರಿಕಿರಿಯನ್ನು ಅಂಕಿಯಾಗಿ ಪರಿವರ್ತಿಸಿ ತೋರಿಸಿದ ದಿನ ಅದೇ ಸಭೆಯಲ್ಲಿ ಅದಕ್ಕೆ ಸಮಯ ಮಂಜೂರಾಗುವುದನ್ನೂ ನಾನು ಕಂಡಿದ್ದೇನೆ. “ಜನ ಬೇಸತ್ತಿದ್ದಾರೆ” ಎಂದರೆ ತಲೆದೂಗಿ ಮುಂದಿನ ವಿಷಯಕ್ಕೆ ಹೋಗುತ್ತಾರೆ. ಈ ಒಂದು ಪುಟದಲ್ಲಿ ಇಷ್ಟು ಜನ ಅರ್ಧಕ್ಕೇ ಬಿಟ್ಟು ಹೋಗುತ್ತಿದ್ದಾರೆ, ಅವರಲ್ಲಿ ಇಷ್ಟು ಜನ ಕರೆ ಮಾಡುತ್ತಿದ್ದಾರೆ, ಆ ಕರೆಗಳಿಗೆ ಇಷ್ಟು ಖರ್ಚು ಎಂದರೆ ಪೆನ್ನು ತೆಗೆಯುತ್ತಾರೆ. ಬಳಕೆದಾರರ ನಿಮಿಷಗಳನ್ನು ಕಂಪನಿಯ ಲೆಕ್ಕದ ಪುಸ್ತಕಕ್ಕೆ ಸೇರಿಸುವುದು ಒಳಗಿರುವವರು ಮಾಡಬಹುದಾದ ಕೆಲಸ. ಅದು ನಿಧಾನದ ಕೆಲಸ, ಮೆಚ್ಚುಗೆಯೂ ಕಡಿಮೆ.

ದೂರುಗಳನ್ನು ಓದುತ್ತೇವೆ. ಆದರೆ “ನಿಮ್ಮ ಆ್ಯಪ್ ದರಿದ್ರ, ಕೆಲಸ ಮಾಡುವುದಿಲ್ಲ” ಎಂಬ ದೂರಿನಿಂದ ಏನನ್ನೂ ಮಾಡಲಾಗುವುದಿಲ್ಲ, ಅದು ನಿಜವೇ ಇದ್ದರೂ. ಫೋನಿನ ಮಾದರಿ, ಆ್ಯಪ್‌ನ ಆವೃತ್ತಿ ಸಂಖ್ಯೆ, ದಿನಾಂಕ ಮತ್ತು ವೇಳೆ, ನೀವು ಏನು ಮಾಡಿದಿರಿ, ಏನಾಗುವುದೆಂದು ನಿರೀಕ್ಷಿಸಿದ್ದಿರಿ, ಬದಲಾಗಿ ಏನಾಯಿತು ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದರೆ, ನಮ್ಮ ದಾಖಲೆಗಳಲ್ಲಿ ಆ ಕ್ಷಣವನ್ನು ಹುಡುಕಿ ತೆಗೆಯಬಹುದು. ವೇಳೆ ಬರೆದಿರುವ ದೂರು ನಮ್ಮ ಕೈಗೆ ಬಂದರೆ ಅರ್ಧ ಕೆಲಸ ಮುಗಿದಂತೆ. ಬೈಗುಳವನ್ನು ಐದನೆಯ ಸಾಲಿಗೆ ಇಟ್ಟುಕೊಳ್ಳಿ, ಅಭ್ಯಂತರವಿಲ್ಲ.

ಪ್ರಶ್ನೆ: ಹೊಸ ಸಾಧನ ಕೊಳ್ಳುವಾಗ ನೀವು ಸ್ವಂತಕ್ಕೆ ಏನನ್ನು ನೋಡಿ ಕೊಳ್ಳುತ್ತೀರಿ?

ಉತ್ತರ: ಕ್ಯಾಮೆರಾದ ಮೆಗಾಪಿಕ್ಸೆಲ್ ನೋಡುವ ಮೊದಲು ಎಷ್ಟು ವರ್ಷ ಭದ್ರತಾ ಅಪ್‌ಡೇಟ್ ಕೊಡುತ್ತಾರೆ, ಬ್ಯಾಟರಿ ಬದಲಾಯಿಸಬಹುದೇ, ಬಿಡಿಭಾಗ ಸಿಗುತ್ತದೆಯೇ ಎಂದು ನೋಡುತ್ತೇನೆ. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಸ್ಮಾರ್ಟ್‌ಫೋನ್‌ಗಳಿಗೆ ಇವೆಲ್ಲ ಕಾನೂನಿನ ವಿಷಯವಾಗಿವೆ: 800 ಬಾರಿ ಚಾರ್ಜ್ ಮಾಡಿದ ಮೇಲೂ ಬ್ಯಾಟರಿಯಲ್ಲಿ ಕನಿಷ್ಠ ಶೇ 80ರಷ್ಟು ಸಾಮರ್ಥ್ಯ ಉಳಿದಿರಬೇಕು, ಮಾದರಿಯ ಮಾರಾಟ ನಿಂತ ಮೇಲೂ 7 ವರ್ಷ ಮುಖ್ಯ ಬಿಡಿಭಾಗಗಳು ಸಿಗಬೇಕು. ಜಾಗತಿಕವಾಗಿ ಮಾರುವ ಕಂಪನಿಗಳು ಒಂದು ಮಾರುಕಟ್ಟೆಗಾಗಿ ಬದಲಾಯಿಸಿದ್ದನ್ನು ಹಲವು ಬಾರಿ ಉಳಿದೆಡೆಗೂ ತರುತ್ತವೆ, ಹಾಗಾಗಿ ನೀವು ಎಲ್ಲಿದ್ದರೂ ಈ ಅಂಕಿಗಳನ್ನು ಮುಂದಿಟ್ಟು ಮಾರಾಟಗಾರರನ್ನು ಪ್ರಶ್ನಿಸಬಹುದು.

ಇನ್ನೊಂದು ಪ್ರಶ್ನೆಯನ್ನು ನಾನು ತಪ್ಪದೆ ಕೇಳಿಕೊಳ್ಳುತ್ತೇನೆ: ಕಂಪನಿಯ ಸರ್ವರ್ ನಿಂತುಹೋದರೆ ಈ ವಸ್ತು ಕೆಲಸ ಮಾಡುತ್ತದೆಯೇ? ಮನೆಯ ದೀಪ, ಬೀಗಗಳನ್ನು ಫೋನಿನಿಂದ ನಿಯಂತ್ರಿಸುವ ರಿವಾಲ್ವ್ ಎಂಬ ಸಾಧನದ ಕಂಪನಿಯನ್ನು, ಇಂಥದೇ ಮನೆಬಳಕೆಯ ಸಾಧನಗಳನ್ನು ತಯಾರಿಸುವ ನೆಸ್ಟ್ ಎಂಬ ಕಂಪನಿ 2014ರಲ್ಲಿ ಕೊಂಡುಕೊಂಡಿತು. 2016ರ ಮೇ ತಿಂಗಳಲ್ಲಿ ಅದರ ಸೇವೆಯನ್ನು ನಿಲ್ಲಿಸಿದಾಗ, ಕೆಡದೆ ಇದ್ದ ಸಾಧನಗಳೆಲ್ಲ ಒಂದೇ ದಿನ ನಿರುಪಯೋಗಿಯಾದವು. ಆದ್ದರಿಂದ ಅಂಗಡಿಯಲ್ಲಿ ನಾನು ಮೊದಲು ಮಾಡುವ ಪರೀಕ್ಷೆ ಎಂದರೆ ಸಾಧನದ ವೈಫೈ ಆಫ್ ಮಾಡಿ, ಅದರ ಮುಖ್ಯ ಕೆಲಸ ಆಗ ನಡೆಯುತ್ತದೆಯೇ ಎಂದು ನೋಡುವುದು. ಮಾರಾಟಗಾರರು ಅದಕ್ಕೆ ಒಪ್ಪದಿದ್ದರೆ ಮುಂದಿನ ಅಂಗಡಿಗೆ ಹೋಗುತ್ತೇನೆ.